ಹುಡುಗರಿಗೆ ಅಳೆದ ಮಾತ್ರೆ

ಬೊಗೊಟಾ
೧೪ ಜನವರಿ ೨೦೦೮

ಪ್ರೀತಿಯ ಎಡಿಲ್ಮಾ,

ನೊಬ್ಸಾಗೆ ಹೊರಡುವ ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಯಲ್ಲಿ ನಿನಗೊಂದು ಪೆಟ್ಟಿಗೆ ಕೊಟ್ಟಿದ್ದೇನೆ. ಇಸಕೊಳ್ಳುವಾಗ ದಯವಿಟ್ಟು ಅವನ ಜೊತೆ ಜಗಳ ಆಡಬೇಡ. ಹೋದ ಸಲ ನೀನು ಬೈದದ್ದನ್ನು ಅವನು ಇನ್ನೂ ಮರೆತಿಲ್ಲ. "ಆ ಸೈಕಲ್ ಕಲಿಸೋ ಅಮ್ಮಂಗೇನಾ ಇದು?" ಅಂತ ಕೇಳಿ, ಹೌದು ಅಂದಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಪೆಟ್ಟಿಗೆಯಲ್ಲಿರುವುದು ವಿಟಮಿನ್ ಮಾತ್ರೆ. ಹೋದ ವರ್ಷ ನಿನ್ನ ಕ್ಲಬ್ಬಿನ ಹುಡುಗಿಯರನ್ನೂ ದುಯಿತಾಮಾದ ಹುಡುಗರನ್ನೂ ಸೈಕಲ್ಲಿನಲ್ಲಿ ಕ್ರುಸೆರೊ ಬೆಟ್ಟದ ಏರು ಹತ್ತಿಸಿ, ತುದಿಯಲ್ಲಿ ಎಲ್ಲರಿಗೂ ಸೂಜಿ ಚುಚ್ಚಿ ರಕ್ತ ತೆಗೆದಿದ್ದೆನಲ್ಲ, ಅದರಲ್ಲಿ ಹುಡುಗರ ರಕ್ತದ ಕೆಲಸ ಮುಗಿಯಿತು. ಮೈ ಜೋರಾಗಿ ದುಡಿದಾಗ ಒಳಗೆ ಆಮ್ಲಜನಕ ಹೆಚ್ಚು ಉರಿಯುತ್ತದೆ, ಅದರ ಕಿಡಿ ಮೈಮೇಲೇ ಸಿಡಿಯುತ್ತದೆ. ಉತ್ಕರ್ಷಣದ ಒತ್ತಡ ಎಂದು ನಮ್ಮ ಪುಸ್ತಕದ ಹೆಸರು. ನೀನು ತುಕ್ಕು ಅನ್ನು, ಸಾಕು. ಏರು ಮುಗಿಸಿದ ಹುಡುಗರ ರಕ್ತದಲ್ಲಿ ಈ ತುಕ್ಕು ಎಷ್ಟಿತ್ತೆಂದರೆ ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ಕೆಲವು ವಾರ ಈ ಮಾತ್ರೆ ಕೊಟ್ಟು ಮತ್ತೆ ಹತ್ತಿಸಿದೆವು. ತುಕ್ಕು ಅರ್ಧಕ್ಕಿಳಿಯಿತು!

ಹುಡುಗಿಯರದ್ದು ಏನಾಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಅವರ ರಕ್ತ ಇನ್ನೂ ಫ್ರೀಜರಿನಲ್ಲೇ ಇದೆ. ಹೆಂಗಸರ ಲೆಕ್ಕ ತೊಡಕಿನದು. ತಿಂಗಳ ಯಾವ ದಿನ ರಕ್ತ ತೆಗೆದೆವು ಎನ್ನುವುದರ ಮೇಲೆ ಎಲ್ಲ ಏರುಪೇರು. ನಮ್ಮ ಮುಖ್ಯಸ್ಥರು, "ಮೊದ್ಲು ಗಂಡುಹುಡುಗರದ್ದು ಮುಗ್ಸಮ್ಮ, ಹುಡುಗೀರ್ದು ಆಮೇಲೆ ನೋಡಿದ್ರಾಯ್ತು" ಅಂದರು. ನನ್ನ ಡಾಕ್ಟರೇಟ್ ಪ್ರಬಂಧ ಒಪ್ಪಿಸುವ ದಿನವೂ ತಲೆಮೇಲೆ ಬಂದಿದೆ. ಅದಕ್ಕಾಗಿ ನಿನ್ನ ಹುಡುಗಿಯರು ಯಾಕೆ ಕಾಯಬೇಕು? ಆಗಸ್ಟಿನಲ್ಲಿ ಇಟಲಿಯ ಸೈಕಲ್ ತಂಡದವರ ಆಯ್ಕೆ ಇದೆ ಅಂದಿದ್ದೆಯಲ್ಲ. ತಿನ್ನಿಸು.

ನಾವಿಬ್ಬರೂ ಒಂದೇ ಸೈಕಲ್ಲನ್ನು ಸರದಿಯಲ್ಲಿ ತುಳಿಯುತ್ತಿದ್ದ ಕಾಲದಲ್ಲಿ ನಮಗೆ ಇಂಥದ್ದನ್ನು ಯಾರೂ ಕೊಡಲಿಲ್ಲ.

ನಿನ್ನ
ನೂಬಿಯಾ


ನೊಬ್ಸಾ
೨೪ ಫೆಬ್ರವರಿ ೨೦೦೮

ಡಾಕ್ಟರಮ್ಮನವರಿಗೆ,

ಪೆಟ್ಟಿಗೆ ಬಂತು. ಜಗಳ ಆಡಲಿಲ್ಲ. "ಇದ್ರ ಮೇಲೆ ಕೂತ್ಕೊಂಡು ಬಂದ್ಯೇನಪ್ಪಾ, ಚಪಾಟೆ ಆಗಿದೆ?" ಅಂತ ಕೇಳಿದೆ, ಅಷ್ಟೇ. ಕೇಳುವುದು ಜಗಳವೇ?

ಫೋನ್ ಮಾಡು ಮಾಡು ಅನ್ನುತ್ತೀ. ಫೋನಿನಲ್ಲಿ ನೀನು ಆಸ್ಪತ್ರೆ ಕಿಟಕಿಯ ಹಿಂದೆ ಕೂತವರ ಹಾಗೆ ಮಾತಾಡುತ್ತೀ. ಕಾಗದದಲ್ಲಾದರೆ ಇನ್ನೂ ಸ್ವಲ್ಪ ನಮ್ಮ ನೂಬಿಯಾ ಸಿಗುತ್ತಾಳೆ. ಬಸ್ಸು ಹೇಗೂ ದಿನಾ ಓಡುತ್ತದೆ.

ನಿನ್ನ ಮಾತ್ರೆಯ ವೈಭವ ನೋಡಬೇಕು. ಅಭ್ಯಾಸ ಮುಗಿಸಿ ಬಂದ ಹುಡುಗಿಯರು ರುವಾನಾ ಕಂಬಳಿ ಹೊದ್ದುಕೊಂಡು ಅಂಗಳದಲ್ಲಿ ಸಾಲು ನಿಲ್ಲುತ್ತಾರೆ. ಒಬ್ಬೊಬ್ಬಳಿಗೂ ಬಿಸಿ ಬೆಲ್ಲದ ನೀರು, ಅದರಲ್ಲಿ ಅದ್ದಿಕೊಳ್ಳಲು ಚೀಸಿನ ತುಂಡು, ಕೈಗೆ ಮಾತ್ರೆ. ಮಾರ್ಲೆನಿ ಗೊತ್ತಲ್ಲ, ಮಣ್ಣಿನ ಮಡಕೆ ಮಾರುವ ಅಜ್ಜಿಯ ಮೊಮ್ಮಗಳು, ಬಾಯಿಬಡುಕಿ? "ಪ್ರೊಫೆ, ಇದ್ರ ಜೊತೆ ಒಬ್ಬ ಗಂಡನ್ನೂ ಕೊಟ್ಬಿಡಿ, ಎರಡೂ ಒಂದೇ ಸಲ ನುಂಗ್ತೀನಿ" ಅನ್ನುತ್ತಾಳೆ. ನಮ್ಮಲ್ಲಿ ಹೇಳಿಕೊಡುವವರನ್ನೆಲ್ಲ ಪ್ರೊಫೆ ಅನ್ನುವುದನ್ನು ನೀನು ಮರೆತಿಲ್ಲ ತಾನೆ? ಆ ಹುಡುಗಿ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳುತ್ತದೆ. ಯೊಲೀಮಾ ಇದಕ್ಕೆ ಪೂರಾ ಉಲ್ಟಾ. ನುಂಗಿ, ನಾನು ಕೇಳದಿದ್ದರೂ ಬಾಯಿ ತೆರೆದು ತೋರಿಸುತ್ತಾಳೆ. ಬಾವಿಗೆ ಹಾರು ಅಂದರೆ ಎಷ್ಟು ಆಳ ಎಂದೂ ಕೇಳದ ಹುಡುಗಿ. ಅಪ್ಪ ಆಲೂಗಡ್ಡೆ ಬೆಳೆಯುವವನು. ಅವಳ ಸೈಕಲ್ಲಿಗೆಂದು ಹೋರಿಕರುವನ್ನು ಮಾರಿದ. ಈ ಏರಿನಲ್ಲಿ ಅವಳ ಹಾಗೆ ಹತ್ತುವವಳನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿಕೊಂಡು ಹೇಳುತ್ತಿದ್ದೇನೆ. ಇಟಲಿಯ ತಂಡಕ್ಕೆ ಬೇಕಾದದ್ದು ಒಬ್ಬಳೇ, ಅದೂ ಇಪ್ಪತ್ತು ತುಂಬದವಳು. ಇವಳಿಗೆ ಇದೇ ಕೊನೆಯ ವರ್ಷ. ಅವಳು ಹೋಗಬೇಕು ನೂಬಿಯಾ. ನಾನು ಹೋಗದ ದಾರಿ ಅದು.

ಒಂದು ಅನುಮಾನ. ಹುಡುಗಿಯರಿಗೂ ಇಷ್ಟೇ ಸಾಕೇ? ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರು ಇವರು. ಇವರಿಗೆ ತುಕ್ಕು ಹೆಚ್ಚಿರುವುದಿಲ್ಲವೇ? ಮಾತ್ರೆ ಹೆಚ್ಚು ಬೇಡವೇ? ನಿನ್ನ ಯಂತ್ರವನ್ನು ಕೇಳಿ ಬರಿ.

ಎಡಿಲ್ಮಾ


ಬೊಗೊಟಾ
೨ ಮಾರ್ಚ್ ೨೦೦೮

ಎಡಿಲ್ಮಾ,

ಅವಸರದಲ್ಲಿದ್ದೇನೆ, ಎರಡೇ ಸಾಲು. ಹುಡುಗರಿಗೆ ಕೊಟ್ಟಷ್ಟೇ ಕೊಡು. ತಲೆ ಕೆಡಿಸಿಕೊಳ್ಳಬೇಡ. ವಿಟಮಿನ್ ತಿಂದು ಕೆಟ್ಟವರನ್ನು ನಾನಂತೂ ಕಂಡಿಲ್ಲ. ಇನ್ನೊಂದು ಪೆಟ್ಟಿಗೆ ಕಳಿಸಿದ್ದೇನೆ.

ನೂಬಿಯಾ


ನೊಬ್ಸಾ
೧೮ ಮೇ ೨೦೦೮

ನೂಬಿಯಾ,

ಹೊಟ್ಟೆ ಉರಿಯುತ್ತಿದೆ, ಯಾರಿಗಾದರೂ ಹೇಳಿಕೊಳ್ಳಬೇಕು. ಯೊಲೀಮಾ ನಿಂತುಬಿಟ್ಟಿದ್ದಾಳೆ. ಕೆಳಕ್ಕೆ ಇಳಿದಿಲ್ಲ, ಮೇಲಕ್ಕೂ ಹೋಗುತ್ತಿಲ್ಲ. ಜನವರಿಯಲ್ಲಿ ಏರನ್ನು ಹೇಗೆ ಹತ್ತುತ್ತಿದ್ದಳೋ ಈಗಲೂ ಹಾಗೇ. ಇಷ್ಟು ತಿಂಗಳ ಕೆಲಸ ಎಲ್ಲಿ ಹೋಯಿತು? ಉಳಿದವರೂ ಅಷ್ಟಕ್ಕಷ್ಟೇ. ಅವರದ್ದು ಈ ಹಾಳು ಚಳಿಯಿಂದ ಎಂದಾದರೂ ಹೇಳಬಹುದು. ಆದರೆ ಮಾರ್ಲೆನಿ, ತಡವಾಗಿ ಬರುವವಳು, ನನ್ನ ಬೆನ್ನ ಹಿಂದೆ ನನ್ನ ನಡಿಗೆ ಅಣಕಿಸುವವಳು, ವಾರ ವಾರಕ್ಕೂ ಬೆಳೆಯುತ್ತಿದ್ದಾಳೆ. ಅದೇ ಚಳಿ, ಅದೇ ಏರು, ಅದೇ ಊಟ. ಹಾಗಾದರೆ ಯೊಲೀಮಾಳದ್ದು ಮನಸ್ಸಿನ ರೋಗ ಅಂತ ತಾನೇ ಅರ್ಥ?

ಶನಿವಾರ ಕೇಳಿಯೇ ಬಿಟ್ಟೆ. "ಏನಾಗಿದೆ ನಿಂಗೆ?"

"ಗೊತ್ತಿಲ್ಲ ಪ್ರೊಫೆ. ಕಾಲಲ್ಲಿ ಜೀವಾನೇ ಇಲ್ಲ. ಎಷ್ಟ್ ತುಳಿದ್ರೂ ನಿನ್ನೆ ತುಳ್ದಿದ್ದು ಕಾಲಿಗೆ ನೆನಪೇ ಇರಲ್ಲ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಯಾರೋ ಹುಡುಗ ಸಿಕ್ಕಿರ್ಬೇಕು, ಅದಕ್ಕೇ ಕಾಲಿಗೆ ಮರೆವು!"

ಚೌಕದಲ್ಲಿ, ಸಂತೆಗೆ ಬಂದವರೆಲ್ಲರ ಎದುರಿಗೆ ಹೇಳಿದೆ. ಮೈಗಳ್ಳಿ ಅಂದೆ. ನಿಮ್ಮಪ್ಪನ ಹೋರಿಕರುವಾದರೂ ಈ ಏರು ಹತ್ತುತ್ತಿತ್ತು ಅಂದೆ. ಜನ ನಕ್ಕರು. ಅವಳು ಅಳಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಅಂಗಳ ಗುಡಿಸುತ್ತಿದ್ದಳು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ನನ್ನಮ್ಮ ನನ್ನನ್ನು ಬೈಯದೆ ಹೋಗಿದ್ದರೆ ನಾನು ಸೈಕಲ್ ಹತ್ತುತ್ತಲೇ ಇರಲಿಲ್ಲ. ಬೈಗುಳದಿಂದ ಒಳ್ಳೆಯದಾಗುತ್ತದೆ, ಅಲ್ಲವೇ?

ಮಾತ್ರೆ ತಪ್ಪಿಸಿಲ್ಲ. ಅದರ ಚಿಂತೆ ನಿನಗೆ ಬೇಡ.

ಎಡಿಲ್ಮಾ


ನೊಬ್ಸಾ
೩೧ ಆಗಸ್ಟ್ ೨೦೦೮

ನೂಬಿಯಾ,

ಮೇ ತಿಂಗಳ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ದೊಡ್ಡವರಾದಿರಿ, ಇರಲಿ.

ಆಯ್ಕೆ ಮುಗಿಯಿತು. ಮಾರ್ಲೆನಿ ಇಟಲಿಗೆ ಹೋಗುತ್ತಾಳೆ. ಅವಳ ಅಜ್ಜಿ ಚೌಕದಲ್ಲಿ ಪಟಾಕಿ ಹಚ್ಚಿ ಅರ್ಧ ಅಂಗಡಿ ಮಡಕೆ ಒಡೆದುಕೊಂಡಳು. ನಾನೂ ಕುಣಿದೆ. ಕುಣಿಯಬೇಕಲ್ಲ.

ಯೊಲೀಮಾ ಕೊನೆಯ ತಿರುವಿನವರೆಗೂ ಅವಳ ಜೊತೆಗೇ ಇದ್ದಳು. ಆಮೇಲೆ ಅವಳ ಕಾಲಿನ ಬಲ ಹೊರಟುಹೋಯಿತು. ಸೋಮವಾರ ಬಂದು, ಒಗೆದು ಇಸ್ತ್ರಿ ಮಾಡಿದ ಜರ್ಸಿಯನ್ನು ಮೇಜಿನ ಮೇಲಿಟ್ಟಳು. "ಫಕಾತತಿವಾದಲ್ಲಿ ಸೋದರತ್ತೆ ಇದಾರೆ ಪ್ರೊಫೆ, ಹೂವಿನ ತೋಟದ ಕೆಲಸಕ್ಕೆ ಹೋಗ್ತೀನಿ. ನನ್ನಿಂದ ನಿಮಗೆ ತೊಂದ್ರೆ ಆಯ್ತು" ಅಂದಳು. ಆಗ ನಾನು ಒಂದು ಒಳ್ಳೆಯ ಮಾತು ಅನ್ನಬಹುದಿತ್ತು. ಅಂದದ್ದು ಏನು ಗೊತ್ತೇ? "ಹೂ ಕೀಳೋಕೂ ಮೈ ಬಗ್ಗಬೇಕು ಕಣಮ್ಮ."

ಬರೆಯುವಾಗ ಅದು ನನಗೇ ಬೇರೆ ಥರ ಕೇಳುತ್ತಿದೆ. ಸರಿ ಬಿಡು.

ಎಡಿಲ್ಮಾ


ಬೊಗೊಟಾ
೧೯ ಅಕ್ಟೋಬರ್ ೨೦೦೮

ಪ್ರೀತಿಯ ಎಡಿಲ್ಮಾ,

ನನಗೆ ಡಾಕ್ಟರೇಟ್ ಬಂತು. ಅಭಿನಂದಿಸಬೇಡ.

ಒಂದು ವಿಷಯ ಮಾರ್ಲೆನಿಯನ್ನು ಕೇಳಬೇಕು. ಅವಳು ಇಟಲಿಗೆ ಹೊರಡುವ ಮೊದಲು, ಗದರಿಸದೆ ಕೇಳು. ಅವಳು ನಿಜವಾಗಿ ಮಾತ್ರೆ ನುಂಗುತ್ತಿದ್ದಳೇ? ಕಾರಣ ಆಮೇಲೆ ಬರೆಯುತ್ತೇನೆ. ಉಳಿದ ಹುಡುಗಿಯರಿಗೆ ಇವತ್ತಿನಿಂದಲೇ ಮಾತ್ರೆ ನಿಲ್ಲಿಸು.

ನೂಬಿಯಾ


ನೊಬ್ಸಾ
೯ ನವೆಂಬರ್ ೨೦೦೮

ನೂಬಿಯಾ,

ಕೇಳಿದೆ. ಅಜ್ಜಿಯ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಳು. ಮೊದಲು ಕಣ್ಣು ತಪ್ಪಿಸಿದಳು, ಆಮೇಲೆ ಫಕ್ಕನೆ ನಕ್ಕಳು.

"ಈಗ ಹೇಳಿದ್ರೆ ಇಟಲಿಗೆ ಕಳ್ಸಲ್ಲ ಅನ್ನಲ್ಲ ತಾನೇ?"

"ಅನ್ನಲ್ಲ, ಹೇಳು."

"ಮೊದಲ್ನೇದು ಬಿಟ್ರೆ ಒಂದೂ ನುಂಗಿಲ್ಲ ಪ್ರೊಫೆ. ಮೊದಲ್ನೇ ದಿನ ಹೊಟ್ಟೆ ಉರೀತು. ಆಮೇಲೆ ನಾಲಿಗೆ ಅಡೀಲಿ ಇಟ್ಕೊಂಡು ಬಂದು ಅಜ್ಜಿ ಕೋಳಿಗೆ ಹಾಕ್ತಿದ್ದೆ."

ಒಳಗಿನಿಂದ ಅಜ್ಜಿ ಕೂಗಿದಳು: "ಅದಕ್ಕೇನೇನೇ ಆ ಹುಂಜ ಹಾಗೆ ಕೊಬ್ಬಿದ್ದು!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ಬಾಯಿ ತೆರೆದೆ, ಆಗಲಿಲ್ಲ. ಒಂದು ಯೋಚನೆ ಬಂತು. ಅದನ್ನು ನಾನು ಬರೆಯುವುದಿಲ್ಲ, ನೀನು ಬರಿ. ನೀನು ಓದಿದವಳು. ಮಾತ್ರೆ ಬಿಸಾಕಿದವಳು ಗೆದ್ದಳು. ಬಾಯಿ ತೆರೆದು ತೋರಿಸಿದವಳು ಸೋತಳು. ಯಾಕೆ?

ಎಡಿಲ್ಮಾ


ಬೊಗೊಟಾ
೨೩ ನವೆಂಬರ್ ೨೦೦೮

ಎಡಿಲ್ಮಾ,

ನೀನು ಯೋಚಿಸಿದ್ದು ನಿಜ.

ಪ್ರಬಂಧವನ್ನು ಪರೀಕ್ಷಿಸಲು ಐವರು ಕೂತಿದ್ದರು. ನಾಲ್ವರು ಹೊಗಳಿದರು. ಐದನೆಯವರು ಮುದುಕಿ, ಮೆದೆಯೀನಿನಿಂದ ಬಂದವರು. ಹಾಳೆ ತಿರುವುತ್ತಾ, "ಇದ್ರಲ್ಲೆಲ್ಲಾ 'ಮನುಷ್ಯನ ದೇಹ' ಅಂತ ಬರ್ದಿದೀಯಲ್ಲ ಮಗಳೇ, ನಮ್ ಹೆಂಗಸ್ರು ಯಾರೂ ಕಾಣ್ತಿಲ್ವಲ್ಲ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೆಯ ದಿನ ಪ್ರಯೋಗಶಾಲೆಗೆ ಹೋಗಿ ಫ್ರೀಜರ್ ತೆರೆದೆ. ನಿನ್ನ ಹುಡುಗಿಯರ ರಕ್ತ ಹಾಗೇ ಇತ್ತು, ಒಂದೊಂದು ಕೊಳವೆಯ ಮೇಲೂ ನಾನೇ ಬರೆದ ಹೆಸರು.

ಅದೇ ಏರು, ಅದೇ ಬಿಸಿಲು, ಅಷ್ಟೇ ದಣಿವು. ಹುಡುಗರಲ್ಲಿ ಕುಣಿದಾಡಿದ ತುಕ್ಕು ಹುಡುಗಿಯರಲ್ಲಿ ಅರ್ಧವೂ ಇರಲಿಲ್ಲ. ತಿಂಗಳ ಯಾವ ದಿನ ಎನ್ನುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಇತ್ತು, ನಿಜ. ಆದರೆ ಎಲ್ಲರದ್ದೂ ಹುಡುಗರಿಗಿಂತ ಕೆಳಗೇ. ಯಾವುದು ನಮ್ಮನ್ನು ತಿಂಗಳು ತಿಂಗಳು ಮೂಲೆಗೆ ಕೂರಿಸುತ್ತದೋ ಅದೇ ಹಾರ್ಮೋನು ಒಳಗೆ ಕಾವಲೂ ಕಾಯುತ್ತದೆ ಎಂದು ಕಾಣುತ್ತದೆ. ಎಲ್ಲ ಹೆಂಗಸರಿಗೂ ಹೀಗೇ ಎನ್ನುವ ಧೈರ್ಯ ನನಗಿಲ್ಲ. ನಿನ್ನ ಹುಡುಗಿಯರ ಮಟ್ಟಿಗೆ ಹೇಳುತ್ತಿದ್ದೇನೆ.

ಮತ್ತೊಂದು ವಿಷಯವಿದೆ. ತುಕ್ಕು ಎಂದು ನಿನಗೆ ಹೇಳಿದೆನಲ್ಲ, ಆ ಹೆಸರೇ ತಪ್ಪು. ಸೈಕಲ್ಲಿನ ಚೈನು ತುಕ್ಕಿನಿಂದ ಏನನ್ನೂ ಕಲಿಯುವುದಿಲ್ಲ, ಮೈ ಕಲಿಯುತ್ತದೆ. ಆ ಕಿಡಿ ಸ್ವಲ್ಪ ಚುಚ್ಚಿದರೇನೇ, ಇವತ್ತು ಸಾಲಲಿಲ್ಲ, ನಾಳೆಗೆ ಗಟ್ಟಿಯಾಗು ಎಂಬ ಸುದ್ದಿ ಸ್ನಾಯುವಿಗೆ ಮುಟ್ಟುವುದು. ಹುಡುಗಿಯರಲ್ಲಿ ಆ ಕೂಗು ಮೊದಲೇ ಸಣ್ಣದು. ನಾನು ಅದರ ಬಾಯಿಗೂ ಬಟ್ಟೆ ತುರುಕಿದೆ. ನಿನ್ನೆ ತುಳಿದದ್ದು ಕಾಲಿಗೆ ನೆನಪಿರಲ್ಲ ಅಂದಳಂತಲ್ಲ ಯೊಲೀಮಾ. ಇಡೀ ನನ್ನ ಪ್ರಬಂಧದಲ್ಲಿ ಅಷ್ಟು ಸರಿಯಾದ ವಾಕ್ಯ ಒಂದೂ ಇಲ್ಲ. ಮೇ ತಿಂಗಳಲ್ಲೇ ನೀನು ಅದನ್ನು ಬರೆದು ಕಳಿಸಿದ್ದೆ. ನಾನು ಓದಿ, ಮಡಿಸಿ, ಕೆಲಸಕ್ಕೆ ಹೋದೆ.

ಹುಡುಗರ ಕಾಲೂ ಕೆಟ್ಟಿತೋ ಏನೋ ಗೊತ್ತಿಲ್ಲ. ಅವರ ರಕ್ತ ನೋಡಿದೆ, ವೇಗ ನೋಡಲಿಲ್ಲ. ಅವರು ತಿಂದದ್ದು ಕೆಲವೇ ವಾರ. ನಿನ್ನವರು ಇಡೀ ಹಂಗಾಮು ತಿಂದರು, ನನ್ನ ಮಾತು ನಂಬಿ.

ಒಂದೇ ವಾರದ ಕೆಲಸವಾಗಿತ್ತು ಎಡಿಲ್ಮಾ. ನೀನು ಹೆಚ್ಚು ಕೊಡಬೇಕೇ ಎಂದು ಕೇಳಿದ ದಿನವೇ ಫ್ರೀಜರ್ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ. ಹೆಂಗಸರ ರಕ್ತ ತೊಡಕಿನದು ಎಂದು ಒಬ್ಬ ಗಂಡಸು ಹೇಳಿದ್ದನ್ನು, ನಾನೂ ಹೆಂಗಸಾಗಿ, ಸುಮ್ಮನೆ ಒಪ್ಪಿಕೊಂಡೆ. ನನಗೆ ಅನುಕೂಲವಾಗಿತ್ತು, ಅದಕ್ಕೆ.

ನೂಬಿಯಾ


ನೊಬ್ಸಾ
೧೧ ಜನವರಿ ೨೦೦೯

ನೂಬಿಯಾ,

ನಿನ್ನ ಕಾಗದ ಬಂದಾಗಿನಿಂದ ಎಷ್ಟು ಸಲ ಬರೆದು ಹರಿದಿದ್ದೇನೋ. ಹರಿದದ್ದರಲ್ಲಿ ಬರೀ ಬೈಗುಳ ಇತ್ತು. ಒಂದನ್ನಾದರೂ ಇಲ್ಲಿ ಹಾಕದಿದ್ದರೆ ಎದೆ ಒಡೆಯುತ್ತದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀನು ಮಾಡಿದ್ದು ಅದೇ. ಬರೆ ಹಾಕಲು ಎಮ್ಮೆಯನ್ನು ಹಗ್ಗ ಬಿಗಿದು ಹಿಡಿದುಕೊಂಡವಳು ನಾನು.

ಬಿಗಿದು ಹಿಡಿದದ್ದು ಮಾತ್ರವಲ್ಲ. ಇನ್ನೂ ಒಂದು ಇದೆ, ನೀನು ಕೇಳಿಲ್ಲ, ನಾನು ಹೇಳಿಲ್ಲ. ಹುಡುಗರಿಗೆ ಕೊಟ್ಟಷ್ಟೇ ಕೊಡು ಅಂದಿದ್ದೆ ನೀನು. ಏಪ್ರಿಲಿನಲ್ಲಿ ಒಬ್ಬ ಹುಡುಗಿ ಮದುವೆಯಾಗಿ ಕ್ಲಬ್ ಬಿಟ್ಟಳು. ಅವಳ ಪಾಲಿನ ಮಾತ್ರೆ ಉಳಿಯಿತು. ಅದನ್ನು ನಾನು ಯೊಲೀಮಾಗೆ ಕೊಟ್ಟೆ, ದಿನಾ, ಉಳಿದವರಿಗೆ ಕಾಣದ ಹಾಗೆ. ಚೆನ್ನಾಗಿ ಓಡುವ ಕುದುರೆಗೆ ಒಂದು ಹಿಡಿ ಹುರುಳಿ ಹೆಚ್ಚು ಹಾಕುವುದಿಲ್ಲವೇ? ನನಗೆ ಅವಳ ಮೇಲೆ ಪ್ರೀತಿ ಇತ್ತು ಕಣೇ. ಎಲ್ಲರಿಗಿಂತ ಹೆಚ್ಚು ಇತ್ತು. ಹೆಚ್ಚು ಪ್ರೀತಿ ಇದ್ದವಳಿಗೆ ಎರಡು ಪಾಲು ಕೊಟ್ಟೆ, ಎರಡು ಪಾಲು ಬೈದೆ.

"ಇದು ನಿಂಗೊಬ್ಳಿಗೇ, ಯಾರಿಗೂ ಹೇಳ್ಬೇಡ" ಅಂದಾಗ ಅವಳ ಮುಖ ಹೇಗೆ ಅರಳುತ್ತಿತ್ತು ಗೊತ್ತೇ. ಇವತ್ತಿಗೂ ಯಾರಿಗೂ ಹೇಳಿರಲಾರಳು.

ಈಗ ನೀನು, ಅವಳಿಗೆ ಹೇಳಬೇಕು ಅನ್ನುತ್ತೀ, ನನಗೆ ಗೊತ್ತು. ಕಾಗದದಲ್ಲಿ ಬರೆದಿಲ್ಲ, ಆದರೂ ಅನ್ನುತ್ತೀ. ನಾನು ಬೇಡ ಅನ್ನುತ್ತೇನೆ. ಇಟಲಿ ಹೋಯಿತು, ವಯಸ್ಸು ಮೀರಿತು. ಹೇಳಿದರೆ ಯಾವುದು ವಾಪಸ್ ಬರುತ್ತದೆ? ಹೂವಿನ ತೋಟದಲ್ಲಿ ಸಂಬಳ ಇದೆ, ಅತ್ತೆಯ ಮನೆ ಇದೆ. ಮರೆತು ನೆಮ್ಮದಿಯಾಗಿರುವವಳನ್ನು ಯಾಕೆ ಕೆದಕಬೇಕು?

ಇದು ಹೇಡಿತನ ಎಂದು ಬರೆಯಬೇಡ. ಬರೆಯದಿದ್ದರೂ ಓದಿಕೊಳ್ಳುತ್ತೇನೆ.

ಎಡಿಲ್ಮಾ


ಬೊಗೊಟಾ
೧ ಫೆಬ್ರವರಿ ೨೦೦೯

ಎಡಿಲ್ಮಾ,

ಹೇಡಿತನದ ವಿಷಯದಲ್ಲಿ ನನಗೆ ಬಾಯಿ ಇಲ್ಲ. ಶುಕ್ರವಾರ ಫಕಾತತಿವಾಗೆ ಹೋಗಿದ್ದೆ. ತೋಟದ ಗೇಟಿನ ಎದುರಿಗೆ ಒಂದು ಕಾಫಿ ಅಂಗಡಿ ಇದೆ, ಅಲ್ಲಿ ಕೂತೆ. ಸಂಜೆ ಪಾಳಿ ಬಿಟ್ಟಿತು. ರಬ್ಬರ್ ಬೂಟು ಹಾಕಿದ ಹೆಂಗಸರು ಗುಂಪುಗುಂಪಾಗಿ ಬಂದರು, ಅರ್ಧಕ್ಕರ್ಧ ಸೈಕಲ್ ಮೇಲೆ. ಅವಳನ್ನು ತಕ್ಷಣ ಗುರುತಿಸಿದೆ. ಸ್ವಲ್ಪ ದಪ್ಪಗಾಗಿದ್ದಾಳೆ, ಚೆನ್ನಾಗಿ ಕಾಣುತ್ತಾಳೆ. ಕೈತುಂಬ ಗುಲಾಬಿ ಮುಳ್ಳಿನ ಗೀರು. ನನ್ನ ಪಕ್ಕದಿಂದಲೇ ಹೋದಳು. ನಾನು ಕಾಫಿ ಲೋಟದೊಳಗೆ ನೋಡುತ್ತಾ ಕೂತೆ. ಅವಳ ರಕ್ತ ತೆಗೆದವಳು ನಾನು, ಅವಳ ಹೆಸರು ಹಿಡಿದು ಕರೆಯಲಿಲ್ಲ.

ಆದರೆ ಅವಳು ಮರೆತು ನೆಮ್ಮದಿಯಾಗಿದ್ದಾಳೆ ಎನ್ನುವುದು ನಮ್ಮಿಬ್ಬರ ಆಸೆ, ಅಷ್ಟೇ. ಜೊತೆಯವರು ಏನೋ ಹೇಳಿ ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ. ವಾಪಸ್ ಏನು ಬರುತ್ತದೆ ಎಂದು ಕೇಳುತ್ತೀ. ಇಟಲಿ ಬರುವುದಿಲ್ಲ. ಮೈಗಳ್ಳಿ ಎಂಬ ಮಾತನ್ನಾದರೂ ವಾಪಸ್ ತೆಗೆದುಕೊಳ್ಳಬೇಡವೇ? ನೀನು ಅಂದದ್ದು ಚೌಕದಲ್ಲಿ. ನಾನು ಅನ್ನದೆಯೇ ಅನ್ನಿಸಿದೆ.

ಎದುರಿಗೆ ನಿಲ್ಲಲು ಆಗದಿದ್ದರೆ ಕಾಗದವಾದರೂ ಹೋಗಲಿ. ನನ್ನ ಪಾಲನ್ನು ಬರೆದು ಇದರೊಳಗೆ ಇಟ್ಟಿದ್ದೇನೆ. ನಿನ್ನದನ್ನು ಸೇರಿಸಿ ನೀನೇ ಕಳಿಸು. ಕಳಿಸದಿದ್ದರೆ ನಾನು ಕೇಳುವುದಿಲ್ಲ. ಕೇಳುವ ಹಕ್ಕು ನನಗಿಲ್ಲ.

ನೂಬಿಯಾ


ನೊಬ್ಸಾ
೧೫ ಫೆಬ್ರವರಿ ೨೦೦೯

ನೂಬಿಯಾ,

ಕಳಿಸಿದೆ. ನಿನ್ನ ಬರಹ ಆಸ್ಪತ್ರೆಯ ಚೀಟಿಯ ಹಾಗಿತ್ತು, ಅದಕ್ಕೆ ನನ್ನ ಕೈಯಲ್ಲಿ ಇನ್ನೊಂದು ಸಲ ಬರೆದೆ. ಎರಡು ಪಾಲಿನ ಸಂಗತಿ ಬರೆದೆ. ಚೌಕದ್ದೂ ಬರೆದೆ, ಹೂ ಕೀಳುವ ಮಾತನ್ನೂ. ಕೊನೆಯಲ್ಲಿ ಕ್ಷಮಿಸು ಎಂದು ಬರೆದು, ಅದು ತೀರಾ ಸುಲಭದ ಮಾತೆನಿಸಿ ಹೊಡೆದುಹಾಕಿ, ಮತ್ತೆ ಬರೆದೆ. ಕಾಟು ಹಾಗೇ ಕಾಣುತ್ತದೆ, ಕಾಣಲಿ.

ಬೊಗೊಟಾದಲ್ಲಿ ಫಕಾತತಿವಾ ಬಸ್ಸಿಗೆ ಕೊಡು ಎಂದು ಅದೇ ಡ್ರೈವರ್ ಕೈಯಲ್ಲಿ ಕೊಟ್ಟೆ. "ಇದ್ರಲ್ಲೇನಿದೆ ಅಮ್ಮಾ, ಇಷ್ಟ್ ಹುಷಾರಾಗಿ ಕೊಡ್ತಿದೀರಾ?" ಅಂತ ಕೇಳಿದ. ನಾನು ಬೈಯದೆ ಇದ್ದದ್ದಕ್ಕೆ ಅವನೇ ಹೆದರಿದ.

ಎಡಿಲ್ಮಾ


ಫಕಾತತಿವಾ
೧೫ ಮಾರ್ಚ್ ೨೦೦೯

ಗೌರವದ ಪ್ರೊಫೆ ಎಡಿಲ್ಮಾ ಅವರಿಗೂ ಡಾಕ್ಟರ್ ನೂಬಿಯಾ ಅವರಿಗೂ,

ನಿಮ್ಮ ಕಾಗದ ಬಂದು ತುಂಬ ದಿನವಾಯಿತು. ಪ್ರೇಮಿಗಳ ದಿನದ ಗುಲಾಬಿ ಮುಗಿದರೂ ತೋಟದಲ್ಲಿ ಕೆಲಸ ಕಡಿಮೆಯಾಗಲಿಲ್ಲ, ಅದಕ್ಕೆ ಉತ್ತರ ತಡವಾಯಿತು. ಇದು ಪೂರ್ತಿ ನಿಜವಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.

ನಾನು ಚೆನ್ನಾಗಿದ್ದೇನೆ. ಅತ್ತೆ ಒಳ್ಳೆಯವರು. ಅಪ್ಪ ತಿಂಗಳಿಗೊಮ್ಮೆ ಆಲೂಗಡ್ಡೆ ಕಳಿಸುತ್ತಾರೆ, ಇಲ್ಲಿಯದಕ್ಕೆ ರುಚಿ ಇಲ್ಲ. ಮಾರ್ಲೆನಿ ಇಟಲಿಯಿಂದ ಚಿತ್ರದ ಕಾರ್ಡ್ ಕಳಿಸಿದ್ದಳು. ಅಲ್ಲಿಯ ಪ್ರೊಫೆಯನ್ನೂ ಅಣಕಿಸಿ ಬರೆದಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಚೆನ್ನಾಗಿಯೇ ಹತ್ತುತ್ತಿದ್ದಳು.

ಮೊದಮೊದಲು ನಾನು ಸೈಕಲ್ ಮುಟ್ಟಲಿಲ್ಲ. ಆಮೇಲೆ ಬಸ್ಸಿಗಿಂತ ಬೇಗ ಆಗುತ್ತದೆ ಎಂದು ಕೆಲಸಕ್ಕೆ ಅದರಲ್ಲೇ ಹೋಗತೊಡಗಿದೆ. ತೋಟದ ಗಂಡಸರು ಭಾನುವಾರ ಲಾ ತ್ರಿಬೂನಾ ಏರಿಗೆ ಹೋಗುತ್ತಾರೆ. ನವೆಂಬರಿನಲ್ಲಿ ಒಂದು ದಿನ, "ಬಾರಮ್ಮ, ಹಿಂದಿಂದ ನಮ್ಮ ನೀರಿನ ಬಾಟ್ಲಿ ಹೊತ್ಕೊಂಡು ಬಾ" ಎಂದು ತಮಾಷೆ ಮಾಡಿದರು. ಹೋದೆ. ಅರ್ಧ ಏರಿನಲ್ಲಿ ನನ್ನ ಕಾಲು ನನಗೆ ವಾಪಸ್ ಬಂತು. ಎಲ್ಲರನ್ನೂ ಹಿಂದೆ ಬಿಟ್ಟೆ. ತುದಿಯಲ್ಲಿ ಅವರು ಬಂದು ಸೇರಿ ಚಪ್ಪಾಳೆ ಹೊಡೆದರು. ಒಬ್ಬರು ತಮ್ಮ ಟೋಪಿಯನ್ನೇ ಕೊಟ್ಟರು.

ನಾನು ಆಗ ಸಂತೋಷಪಡಲಿಲ್ಲ. ಇಲ್ಲಿ ಹೇಳಿಕೊಡುವವರಿಲ್ಲ, ಡಾಕ್ಟರ ಮಾತ್ರೆ ಇಲ್ಲ, ಇಡೀ ದಿನ ನಿಂತು ದುಡಿಯುತ್ತೇನೆ, ಆದರೂ ಕಾಲು ಓಡುತ್ತಿದೆ. ಹಾಗಾದರೆ ಪ್ರೊಫೆ ಹೇಳಿದ್ದು ನಿಜವೇ ಇರಬೇಕು, ಅಲ್ಲಿ ನಾನು ಮೈಗಳ್ಳತನ ಮಾಡಿದ್ದೆ ಎಂದು ಅವತ್ತು ನಿಶ್ಚಯ ಮಾಡಿಕೊಂಡೆ. ಅದಕ್ಕೂ ಮುಂಚೆ ಒಂದೊಂದು ಸಲವಾದರೂ, ಇಲ್ಲ, ನಾನು ಪೂರ್ತಿ ತುಳಿದಿದ್ದೆ ಅನಿಸುತ್ತಿತ್ತು. ಆ ಏರಿನ ಮೇಲೆ ಅದೂ ಹೋಯಿತು. ಎರಡು ಪಾಲು ಮಾತ್ರೆ ಕೊಟ್ಟರೂ ಮೋಸ ಮಾಡಿದೆನಲ್ಲ ಎನಿಸಿ ನಿಮ್ಮ ಮುಖ ನೆನೆದು ನಾಚಿಕೆಯಾಯಿತು.

ಕ್ರಿಸ್ಮಸ್‌ಗೆ ಮುಂಚೆ ಇಲ್ಲಿಯ ಚರ್ಚಿನಲ್ಲಿ ಪಾಪನಿವೇದನೆಗೆ ಹೋದೆ. "ಸೋಮಾರಿತನ ಮಾಡಿದೀನಿ ಫಾದರ್. ಅಪ್ಪ ಕರು ಮಾರಿದ್ರು, ಪ್ರೊಫೆ ನಂಬಿದ್ರು, ನಾನು ಮೈ ಕದ್ದೆ" ಅಂದೆ.

"ಎಷ್ಟು ದಿನ ಮಗಳೇ?"

"ಇಡೀ ವರ್ಷ ಫಾದರ್."

ಅವರು ಬಗ್ಗಿ ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಸೋಮಾರಿಯನ್ನು ಅವರು ಕಂಡಿರಲಿಲ್ಲವೋ ಏನೋ. ಆಮೇಲೆ ಪ್ರಾಯಶ್ಚಿತ್ತ ಹೇಳಿದರು. ಅದನ್ನು ಒಂದೂ ಬಿಡದೆ ಮಾಡಿ ಮುಗಿಸಿದ್ದೇನೆ. ಹೇಳಿದ್ದನ್ನು ಮಾಡುವುದು ನನಗೆ ಅಭ್ಯಾಸ, ಅದು ನಿಮಗೂ ಗೊತ್ತು.

ಕ್ಷಮಿಸು ಎಂದು ಬರೆದಿದ್ದೀರಿ. ಕ್ಷಮಿಸಿದ್ದೇನೆ. ಸೈಕಲ್ ಬಿಟ್ಟಿಲ್ಲ, ಆದರೆ ಕ್ಲಬ್ಬಿಗೆ ಮತ್ತೆ ಬರುವುದಿಲ್ಲ. ಡಾಕ್ಟರಿಗೆ ಮುಂದೆ ಯಾವಾಗಲಾದರೂ ಹೆಂಗಸರ ರಕ್ತ ಬೇಕಾದರೆ ತೋಟದಲ್ಲಿ ನಾವು ತುಂಬ ಜನ ಇದ್ದೇವೆ, ಬಂದು ಕೇಳಿ. ಕಾಫಿ ಅಂಗಡಿಯಲ್ಲಿ ಕೂರುವುದು ಬೇಡ. ಆ ದಿನ ನಾನು ನಿಮ್ಮನ್ನು ನೋಡಿದ್ದೆ.

ಒಂದು ಮಾತ್ರ ನನ್ನ ಕೈಯಲ್ಲಿ ಆಗುತ್ತಿಲ್ಲ. ಈಸ್ಟರ್ ಬರುತ್ತಿದೆ, ಮತ್ತೆ ಪಾಪನಿವೇದನೆಗೆ ಹೋಗಬೇಕು. ಹೋದ ಸಲ ಹೇಳಿದ್ದು ನನ್ನ ಪಾಪವಲ್ಲ ಎಂದು ನಾನು ಹೇಗೆ ಹೇಳಲಿ? ಹಾಗಾದರೆ ಯಾರದು ಎಂದು ಅವರು ಕೇಳುತ್ತಾರೆ. ನಾನು ನಿಮ್ಮ ಹೆಸರು ಹೇಳುವುದಿಲ್ಲ. ಭಾನುವಾರ ಬೆಳಗಿನ ಪೂಜೆ ಆದಮೇಲೆ ಅಲ್ಲಿ ಹೆಚ್ಚು ಜನ ಇರುವುದಿಲ್ಲ. ನೀವಿಬ್ಬರೂ ಬನ್ನಿ, ಒಳಗೆ ಹೋಗಿ ನೀವೇ ಹೇಳಿ. ನೀವು ಹೇಳಿ ಮುಗಿಸುವವರೆಗೂ ನಾನು ಹೊರಗೆ ನಿಂತಿರುತ್ತೇನೆ.

ವಿಧೇಯಳಾದ
ಯೊಲೀಮಾ